ದೊಡ್ಡಪ್ಪ ನಿಂತು ನೋಡಿದ ರಗ್ಬಿ

ಹೋದ ವರ್ಷ, ಬೇಸಿಗೆ ಭತ್ತ ಮಿಲ್ಲಿಗೆ ಬರುವ ಕಾಲ. ದೊಡ್ಡಪ್ಪನ ಜೊತೆ ಕಾರಟಗಿಯಿಂದ ಹೈದರಾಬಾದಿಗೆ ಅಂತರರಾಷ್ಟ್ರೀಯ ರಗ್ಬಿ ಪಂದ್ಯ ನೋಡಲು ಹೋದೆ. ಅವರ ಜೊತೆ ಹೊರಟರೆ ಏನಾದರೂ ಆಗದೆ ಇರುವುದಿಲ್ಲ.

ದೊಡ್ಡಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಅವರ ಮಗಳು ಭಾರತದ ಮಹಿಳಾ ತಂಡದಲ್ಲಿ ಹನ್ನೆರಡನೇ ನಂಬರು. ಆಡುವವರು ಏಳೇ ಮಂದಿ. ಹಿಂದಿನ ಎರಡು ಪಂದ್ಯ ಅವಳು ಬೆಂಚಿನ ಮೇಲೇ ಕೂತಿದ್ದಳು. ಮಿಲ್ಲಿನವರು ಕೇಳಿದ್ದರು: “ಬರೇ ಕುಂದ್ರಾಕ ಅಷ್ಟು ದೂರ ಯಾಕ? ನಮ್ಮ ಕಟ್ಟಿ ಸಾಲಂಗಿಲ್ಲೇನು?”

ದೊಡ್ಡಪ್ಪ ಅಲ್ಲೇ ಹೇಳಿದರು: “ಈ ಸಲ ಆಕಿ ಮೈದಾನಕ್ಕ ಇಳಿಯೂತನಕ ನಾನೂ ಕುಂದ್ರಂಗಿಲ್ಲ.”

೧. ಬಸ್ಸು

ಬಸ್ಸಿನಲ್ಲಿ ದೊಡ್ಡಪ್ಪ ಕಿಟಕಿ ಪಕ್ಕ ಕೂತರು. ನಾನು ಕೇಳಿದೆ: “ಕುಂದ್ರಂಗಿಲ್ಲ ಅಂದಿದ್ರಿ?”

“ಮಾತು ಮೈದಾನದಾಗ ಚಾಲೂ.”

ನಿಯಮ ಹೇಳಿದೆ. ಚೆಂಡು ಹಿಡಿದು ಮುಂದೆ ಓಡಬಹುದು, ಕೈಯಿಂದ ಎಸೆಯುವುದು ಮಾತ್ರ ಹಿಂದಕ್ಕೆ.

“ಮುಂದ ಹೋಗಾಕ ಹಿಂದ ಒಗೀಬೇಕು?”

“ಹೌದ್ರಿ.”

“ತಿಳೀತು. ಕಚೇರ್ಯಾಗ ನಮ್ಮ ಅರ್ಜಿ ಹೋದಂಗ.”

೨. ದೂಕುವುದು

ಪಂದ್ಯ ಶುರುವಾಯಿತು. ಎರಡೂ ತಂಡದಿಂದ ಮೂವರು ಮೂವರು ಭುಜಕ್ಕೆ ಭುಜ ಕೊಟ್ಟು ದೂಕಾಡಿದರು. ದೊಡ್ಡಪ್ಪ ಸ್ವಲ್ಪ ಹೊತ್ತು ನೋಡಿದರು. “ಎದುರುಬದುರು ಯಾಕ ದೂಕ್ತಾರ? ಎಲ್ಲಾರೂ ಒಂದs ಕಡಿಗೆ ದೂಕಿದ್ರ ಲಾರಿನs ಚಾಲೂ ಆಗ್ತಿತ್ತು.”

೩. ಹಿಂದಿನ ಸಾಲು

ಮಗಳು ಇನ್ನೂ ಬೆಂಚಿನ ಮೇಲೇ ಇದ್ದಳು, ದೊಡ್ಡಪ್ಪ ನಿಂತೇ ಇದ್ದರು. ಹಿಂದಿನವರು ಕೂತುಕೊಳ್ಳಿ ಅಂತ ತೆಲುಗಿನಲ್ಲಿ “ಕೂರ್ಚೋಂಡಿ!” ಎಂದು ಕೂಗಿದರು. ಇವರು ನಮ್ಮ ಕಾಲುವೆ ಸೀಮೆಯ ಆಂಧ್ರದವರಿಂದ ಕಲಿತ ತೆಲುಗಿನಲ್ಲಿ, ಮಗಳು ಬೆಂಚಿನಿಂದ ಏಳುವ ತನಕ ತಾನು ಕೂರುವುದಿಲ್ಲ ಎಂದರು.

ಹಿಂದಿನವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಇಡೀ ಸಾಲು ಕೋಚ್ ಕಡೆ ತಿರುಗಿ “ಹನ್ನೆರಡು! ಹನ್ನೆರಡು!” ಎಂದು ತೆಲುಗಿನಲ್ಲಿ ಕೂಗತೊಡಗಿತು. ನಮಗೆ ಅವಳು ಆಡಬೇಕಿತ್ತು, ಅವರಿಗೆ ಆಟ ಕಾಣಬೇಕಿತ್ತು.

೪. ಟ್ರೈ

ಕೋಚ್ ಕೇಳಿಸಿಕೊಂಡರೋ ಇಲ್ಲವೋ, ಕೊನೆಯ ಎರಡು ನಿಮಿಷಕ್ಕೆ ಅವಳನ್ನು ಇಳಿಸಿದರು. ದೊಡ್ಡಪ್ಪ ಕೊಟ್ಟ ಮಾತಿನಂತೆ ಕೂತರು. ಅದೇ ಹೊತ್ತಿಗೆ ಚೆಂಡು ಅವಳ ಕೈಗೆ ಸಿಕ್ಕಿತು. ಮುಂದಿನವರೆಲ್ಲ ಎದ್ದು ನಿಂತರು. ದೊಡ್ಡಪ್ಪನಿಗೆ ಕಂಡದ್ದು ಬೆನ್ನುಗಳು.

ಅವಳು ಎದುರಾಳಿಗಳ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದಳು. ರಗ್ಬಿಯಲ್ಲಿ ಅದಕ್ಕೆ ಟ್ರೈ ಎನ್ನುತ್ತಾರೆ. “ಟ್ರೈ!” ಎಂದು ಕಿರುಚಿದೆ.

“ಬರೇ ಟ್ರೈ? ಆಗಲಿಲ್ಲೇನು?”

“ಟ್ರೈ ಅಂದ್ರs ಆದಂಗ್ರಿ! ಐದು ಅಂಕ!”

ದೊಡ್ಡಪ್ಪ ಕಣ್ಣೊರೆಸಿಕೊಂಡು ಮನೆಗೆ ಫೋನ್ ಮಾಡಿದರು. “ಏಯ್, ಮಗಳು ಇಳಿದಳು! ಟ್ರೈ ಮಾಡಿದಳು!”

“ಇರ್ಲಿ ಬಿಡ್ರಿ,” ಎಂದಳು ದೊಡ್ಡವ್ವ. “ಟ್ರೈ ಮಾಡ್ಯಾಳಲ್ಲ, ಅಷ್ಟs ಸಾಕು. ಅಳಬ್ಯಾಡ ಅಂತ ಹೇಳ್ರಿ.”

“ಅಲ್ಲs, ಟ್ರೈಗೆ ಐದು ಅಂಕ ಕೊಟ್ರು!”

ದೊಡ್ಡವ್ವ ಕೇಳಿದಳು: “ನಿಮ್ಮ ಮಗ ಗಣಿತಾ ಮೂರು ಸಲ ಟ್ರೈ ಮಾಡಿದ. ಅವಗ ಯಾಕ ಕೊಡಲಿಲ್ಲ?”

ಪಂದ್ಯ ಮುಗಿದಾಗ ಎದುರಾಳಿಗಳದು ಇಪ್ಪತ್ತೊಂಬತ್ತು. ಭಾರತದ್ದು, ಅಂದರೆ ನಮ್ಮ ಮನೆಯದು, ಐದು.