ಮೇಜಿನ ಕೆಳಗೆ ಮಲಗಿಸಿದ ಐವಾರ್

ನನ್ನ ಗಂಡ ಟಿಹೋಮಿರ್‌ನ ಕಿವಿ ಬಹಳ ಚುರುಕು. ಫಿನ್‌ಲೆಂಡಿನ ಹಿಮದಲ್ಲಿ ಕುಳಿತ ಯಾವನೋ ತನ್ನ ರೇಡಿಯೊದಲ್ಲಿ ಕೆಮ್ಮಿದರೂ ಅವನಿಗೆ ಕೇಳಿಸುತ್ತದೆ. ಅಂಗಳದ ಈ ತುದಿಯಿಂದ ನಾನು ಕೂಗಿದರೆ ಮಾತ್ರ ಕೇಳಿಸುವುದಿಲ್ಲ. (ನಾನು ಬೇರೆ ತರಂಗದಲ್ಲಿದ್ದೇನಂತೆ.)

ದಕ್ಷಿಣ ಸರ್ಬಿಯಾದ ನಮ್ಮೂರಿನಲ್ಲಿ ಗಂಡಸರ ಹವ್ಯಾಸಗಳಿಗೆ ಮನೆಯೊಳಗೆ ಜಾಗವಿಲ್ಲ. ಆದ್ದರಿಂದ ಅವನ ಹವ್ಯಾಸಿ ರೇಡಿಯೊ ಕೇಂದ್ರ ನನ್ನ ಬೇಸಿಗೆ ಅಡುಗೆಮನೆಯಲ್ಲಿ, ಅಂದರೆ ಅಂಗಳದ ತಗಡಿನ ಮಾಡಿನ ಕೆಳಗೆ, ಒಲೆಯ ಪಕ್ಕದಲ್ಲೇ ಪ್ರತಿಷ್ಠಾಪನೆಯಾಗಿತ್ತು. ಮೇಜಿನ ಮೇಲೆ ಮೈಕು, ಮೇಜಿನ ಕೆಳಗೆ ಕಾಲಲ್ಲಿ ಒತ್ತುವ ಪೆಡಲು. ಒತ್ತಿದರೆ ಇವನ ಮಾತು ಲೋಕಕ್ಕೆ, ಬಿಟ್ಟರೆ ಲೋಕದ ಮಾತು ಇವನಿಗೆ. (ಇದು ನನಗೆ ಆಮೇಲೆ ತಿಳಿದದ್ದು. ಅಲ್ಲಿಯವರೆಗೆ ಯಾವುದೋ ಹೊಲಿಗೆ ಯಂತ್ರದ್ದು ಎಂದುಕೊಂಡಿದ್ದೆ.)

ನನಗೂ ಒಂದು ಹೆಮ್ಮೆಯಿತ್ತು. ಸೆಪ್ಟೆಂಬರ್ ಬಂದರೆ ಊರಿನ ಅಂಗಳಗಳಲ್ಲೆಲ್ಲ ದಪ್ಪ ಕೆಂಪು ಮೆಣಸಿನಕಾಯಿ ಸುಟ್ಟ ವಾಸನೆ. ಸುಟ್ಟದ್ದನ್ನು ಸುಲಿದು, ಅರೆದು, ಎಣ್ಣೆಯಲ್ಲಿ ಕೈ ಸೋಲುವವರೆಗೆ ಮಗುಚಿ ಚಳಿಗಾಲಕ್ಕೆಂದು ಶೀಶೆಗಳಿಗೆ ತುಂಬುತ್ತೇವೆ. ಅದೇ ಐವಾರ್. ತಿಂಗಳ ಕೊನೆಗೆ ಊರ ಚೌಕದಲ್ಲಿ ಸ್ಪರ್ಧೆ. ಮೊದಲ ಬಹುಮಾನ ಪ್ರತಿವರ್ಷ ನನ್ನ ಅತ್ತೆ ಪೆರ್ಸಿದಾ ಅವರದು. ಈ ವರ್ಷ ಅದು ನನ್ನದಾಗಬೇಕಿತ್ತು. ಅತ್ತೆಯೂ ಅರಿಯದ ಗುಟ್ಟೊಂದು ನನ್ನ ಕೈಯಲ್ಲಿತ್ತು.

“ಇದಕ್ಕೆ ಏನು ಹಾಕ್ತೀಯ ಸೊಸೆ?” ಎಂದು ಅವರು ಚಮಚ ನೆಕ್ಕುತ್ತ ಕೇಳುತ್ತಿದ್ದರು.

“ಪ್ರೀತಿ, ಅತ್ತೆ.”

“ಪ್ರೀತಿ ನಾನೂ ಹಾಕ್ತೀನಿ. ಅದರಿಂದ ಈ ಹುಳಿ ಬರಲ್ಲ.”

ನಾನು ಐವಾರ್ ಮಾಡಿದ ಭಾನುವಾರವೇ ಟಿಹೋನ ಅಂತರರಾಷ್ಟ್ರೀಯ ರೇಡಿಯೊ ಸ್ಪರ್ಧೆಯೂ ಇತ್ತು. ಹೆಚ್ಚು ಜನರ ಜೊತೆ ಮಾತಾಡಿದವನು ಗೆದ್ದಂತೆ. ಅಂಥ ದಿನಗಳಲ್ಲಿ ಅತ್ತೆ ಎರಡು ಬೀದಿಯಾಚೆಯ ತಮ್ಮ ಮನೆಯಲ್ಲಿ, ಮಗ ಕೊಟ್ಟ ಹಳೆಯ ರಿಸೀವರಿನ ಮುಂದೆ ಕಾಫಿ ಇಟ್ಟುಕೊಂಡು ಕೂರುತ್ತಾರೆ. “ನನ್ನ ಮಗ ಈಗ ಪೋರ್ಚುಗಲ್‌ನವನ ಜೊತೆ ಮಾತಾಡ್ದ” ಎಂದು ಬೇಲಿಯಾಚೆಯವರಿಗೆ ವರದಿ ಒಪ್ಪಿಸುತ್ತಾರೆ.

“ಟಿಹೋ, ಶೀಶೆಗೆ ಮುಚ್ಚಳ ಸಾಲಲ್ಲ. ಅಂಗಡಿಗೆ ಹೋಗಿ ಬಾ.”

“ದೇಸಾ, ಇಡೀ ಯೂರೋಪ್ ನನ್ನನ್ನ ಕಾಯ್ತಿದೆ.”

“ಯೂರೋಪ್ ಕಾಯುತ್ತೆ. ಬಿಸಿ ಐವಾರ್ ಕಾಯಲ್ಲ.”

ರಾಕಿಯಾ ಎಂಬ ಪ್ಲಮ್ ಹಣ್ಣಿನ ಸಾರಾಯಿಯನ್ನು ಒಂದು ಗುಟುಕು ಗಂಟಲಿಗೆ ಸುರಿದುಕೊಂಡು, ರಣರಂಗ ಬಿಟ್ಟ ಸೇನಾಪತಿಯಂತೆ ಅವನು ಹೊರಟ.

ನಮ್ಮಲ್ಲಿ ಬಿಸಿ ಶೀಶೆಗಳನ್ನು ಹಾಗೇ ಬಿಡುವಂತಿಲ್ಲ. ಉಣ್ಣೆಯ ಕಂಬಳಿ ಹೊದಿಸಿ, ಗಾಳಿ ತಾಗದ ಕಡೆ ಬಾಣಂತಿಯಂತೆ ಮಲಗಿಸಬೇಕು. ಗಾಳಿ ತಾಗದ ಜಾಗವೆಂದರೆ ಟಿಹೋನ ಮೇಜಿನಡಿ. ಮುಚ್ಚಳ ಹಾಕಿದಷ್ಟು ಶೀಶೆಗಳನ್ನು ಪೆಟ್ಟಿಗೆಯಲ್ಲಿಟ್ಟು ಅಲ್ಲಿಗೆ ತಳ್ಳಿದೆ. ಏನೋ ಟಕ್ ಎಂದಿತು. ರೇಡಿಯೊದ ಗೊರಗೊರ ನಿಂತು, ಕೆಂಪು ದೀಪ ಹತ್ತಿಕೊಂಡಿತು. ಕೆಂಪು ಎಂದರೆ ನಿಂತಂತೆ ತಾನೇ? ಅಂಗಳದಲ್ಲಿ ಎಂಥ ಮೌನ ಇಳಿಯಿತೆಂದರೆ, ದ್ರಾಕ್ಷಿ ಚಪ್ಪರದಿಂದ ಎಲೆ ಉದುರುವುದೂ ಕೇಳಿಸುತ್ತಿತ್ತು.

ಆಗ ಬಂದಳು ತಂಗಿ ಮಿಲುಂಕಾ. ಮುಂದಿನ ತಿಂಗಳು ಮದುವೆಯಾಗಿ ದೂರದ ಉತ್ತರಕ್ಕೆ ಹೋಗುವವಳು.

“ಅಕ್ಕ, ಈಗಲಾದ್ರೂ ಗುಟ್ಟು ಹೇಳು. ಹಂಗೇರಿ ಗಡಿಯಿಂದ ಬಂದು ನಿನ್ನ ಬಹುಮಾನ ಕಿತ್ಕೊಳ್ತೀನಾ?”

ನಾನು ಗೇಟಿನ ಕಡೆ ನೋಡಿದೆ. ಯಾರೂ ಇರಲಿಲ್ಲ. ಮೇಜಿನ ಮೇಲೆ, ಮೈಕಿನ ಪಕ್ಕಕ್ಕೇ ಬಾಗಿ ದನಿ ತಗ್ಗಿಸಿದೆ.

“ಹುಳಿ ಸೇಬು. ಕೆಂಡದಲ್ಲಿ ಸಿಪ್ಪೆ ಕರ‍್ರಗಾಗೋ ತನಕ ಸುಡಬೇಕು. ಒಳಗಿನ ತಿರುಳು ಮಾತ್ರ ತಗೊಂಡು, ಎಣ್ಣೆ ಬಿಟ್ಕೊಂಡ ಮೇಲೆ ಹಾಕೋದು.”

“ಇಷ್ಟೇನಾ? ನಿಮ್ಮತ್ತೆಗೆ ಗೊತ್ತಿಲ್ವಾ?”

“ಅವರಿಗಾ? ಅವರ ಐವಾರ್ ಗೋಡೆ ಬಿರುಕಿಗೆ ಬಳಿಯೋಕೆ ಚೆನ್ನಾಗಿರುತ್ತೆ. ಹಿಡಿದ್ರೆ ಬಿಡಲ್ಲ.”

ಇಬ್ಬರೂ ಮನಸಾರೆ ನಕ್ಕು ಕಾಫಿ ಕುಡಿದೆವು. ಅಷ್ಟರಲ್ಲಿ ಟಿಹೋ ಬಂದ. ಕೆಂಪು ದೀಪ ನೋಡಿದವನ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ. ಮುಚ್ಚಳದ ಪೊಟ್ಟಣ ಅಲ್ಲೇ ಬಿಟ್ಟು, ಬಗ್ಗಿ ಪೆಟ್ಟಿಗೆಯನ್ನು ಎಳೆದ. ರೇಡಿಯೊಗೆ ಜೀವ ಬಂತು.

“...ಸ್ಕೋಪ್ಯೆಯಿಂದ ಮಾತಾಡ್ತಿದೀನಿ, ತಂಗಿ. ಒಂದು ಬಾಣಲೆಗೆ ಎಷ್ಟು ಸೇಬು?”

“ಬಾನ್ಯಾ ಲೂಕಾದಿಂದ. ನನ್ನ ಹೆಂಡ್ತಿ ಕೇಳ್ತಿದಾಳೆ, ಹಸಿರು ಸೇಬಾದ್ರೆ ನಡೆಯುತ್ತಾ?”

“ಆ ಗೋಡೆ ವಿಷಯ ಇನ್ನೊಂದ್ಸಲ ಹೇಳಿ. ಮಧ್ಯೆ ಸದ್ದು ಬಂತು.”

ನನಗೆ ಕುರ್ಚಿ ಬೇಕಾಯಿತು. “ಟಿಹೋ, ನಿಮ್ಮಮ್ಮ ಇವತ್ತು...”

“ಅಮ್ಮ ನನ್ನ ಒಂದು ಸ್ಪರ್ಧೆನೂ ಕೇಳದೆ ಬಿಟ್ಟಿಲ್ಲ” ಎಂದ ಅವನು.

ಅಂದು ಸಂಜೆಯವರೆಗೂ ಅವನನ್ನು ಕರೆಯುವವರ ಸಾಲು ಕರಗಲಿಲ್ಲ. ಯಾವ ಸ್ಪರ್ಧೆಯಲ್ಲೂ ಇಷ್ಟು ಜನ ಅವನಿಗೆ ಸಿಕ್ಕಿರಲಿಲ್ಲವಂತೆ. ಎದೆಯುಬ್ಬಿಸಿಕೊಂಡು ನನ್ನ ಸೇಬಿನ ಲೆಕ್ಕವನ್ನು ಬಾಲ್ಕನ್ ದೇಶಗಳಿಗೆಲ್ಲ ಹಂಚಿದ. ಅತ್ತೆಯ ಮನೆಯಿಂದ ಮಾತ್ರ ಫೋನ್ ಬರಲಿಲ್ಲ. ಬದಲು ಅವರ ಅಂಗಳದಿಂದ ಸೇಬು ಸುಟ್ಟ ವಾಸನೆ ಬಂತು.

ಚೌಕದ ಸ್ಪರ್ಧೆಯಲ್ಲಿ ತೀರ್ಪುಗಾರರು ಅತ್ತೆಯ ಐವಾರ್ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ನನ್ನದನ್ನು ತಿಂದು, “ಇದೂ ಅದೇ ರುಚಿ. ಸೊಸೆ ಅತ್ತೆಯಿಂದ ಚೆನ್ನಾಗಿ ಕಲಿತಿದಾಳೆ” ಎಂದು ಎರಡನೇ ಬಹುಮಾನ ಕೊಟ್ಟರು. ಊರೆಲ್ಲ ಚಪ್ಪಾಳೆ ತಟ್ಟಿದ ಆ ರುಚಿ ನನ್ನದು. ಆದರೆ ಯಾರಿಗೆ ಹೇಳುವುದು? ಹೇಳಬೇಕಾದದ್ದನ್ನೆಲ್ಲ ಆಗಲೇ ಎಲ್ಲರಿಗೂ ಹೇಳಿಯಾಗಿತ್ತು.

ವೇದಿಕೆಯಿಂದ ಇಳಿದ ಅತ್ತೆ ನೇರ ನನ್ನ ಬಳಿ ಬಂದು, ಗೆದ್ದ ಶೀಶೆಯನ್ನು ನನ್ನ ಕೈಗಿಟ್ಟರು.

“ತಗೋ ಸೊಸೆ. ಮೊದಲು ಗೋಡೆಗೆ ಬಳಿ, ಉಳಿದ್ರೆ ತಿನ್ನು. ಪ್ರೀತಿನೂ ಹಾಕಿದೀನಿ.”