ಹತ್ತು ಕಿಲೋ ಹಿಮಾಲಯ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಮಾದೇವನ ಬೆನ್ನುಚೀಲ ಒಂಬತ್ತು ಕಿಲೋ ಎಂಟುನೂರು ಗ್ರಾಂ ತೂಗಿತು.

ಮನೆಯ ತಕ್ಕಡಿಯಲ್ಲಿ ತೂಗಿದವನೂ ಮಾದೇವನೇ. ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಿ, ಶಂಭುಲಿಂಗಪ್ಪನವರ ಅರಿಶಿನ ಮಂಡಿಯಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ತೂಕದ ಕೆಲಸ ಮಾಡುತ್ತಿದ್ದ. ಅವನು ಹೇಳಿದ ತೂಕವನ್ನು ರೈತರಾಗಲಿ ವ್ಯಾಪಾರಿಗಳಾಗಲಿ ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಆದರೆ ಮಾದೇವನಿಗೆ ತಕ್ಕಡಿ ಸಾಕಾಗಿತ್ತು. ಕನಸಿನಲ್ಲೂ ಮೂಟೆಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಹಾಗಾಗಿ 2006ರ ಆ ಮೇ ತಿಂಗಳಲ್ಲಿ, ಹಿಮಾಚಲದ ಹದಿಮೂರೂವರೆ ಸಾವಿರ ಅಡಿ ಎತ್ತರದ ಕಣಿವೆಗೆ ಹೋಗುವ ಚಾರಣ ತಂಡಕ್ಕೆ ಹೆಸರು ಕೊಟ್ಟಿದ್ದ. ಅಭ್ಯಾಸಕ್ಕೆಂದು ತಂಡದವರ ಜೊತೆ ಮೂರು ತಿಂಗಳು ಪ್ರತಿ ಭಾನುವಾರ ಹತ್ತು ಕಿಲೋ ಅರಿಶಿನ ಹೊತ್ತು ಗೋಪಾಲಸ್ವಾಮಿ ಬೆಟ್ಟ ಹತ್ತಿದ್ದ.

“ಎಂಟು ದಿನ ತಕ್ಕಡಿ ಮಕ ನೋಡಲ್ಲ ಕಣಮ್ಮಿ. ಮಂಜಿನ ಮೇಲೆ ಒಂದ್ಸಲ ನಿಂತ್ಕಂಡು ಬತ್ತೀನಿ, ಸಾಕು” ಎಂದು ಹೆಂಡತಿ ಪವಿತ್ರಳಿಗೆ ಹೇಳಿದ್ದ.

ತಂಡದ ನಿಯಮ ಒಂದು ಹಾಳೆಯಲ್ಲಿ ಅಚ್ಚಾಗಿತ್ತು. ಚೀಲ ಹತ್ತು ಕಿಲೋ ಮೀರುವಂತಿಲ್ಲ. ಮೀರಿದರೆ ಚೀಲವೂ ಬರುವಂತಿಲ್ಲ, ಚೀಲದವನೂ ಬರುವಂತಿಲ್ಲ. ತಪಾಸಣೆ ಸಂಜೆ ಐದಕ್ಕೆ, ಬಸ್ ನಿಲ್ದಾಣದಲ್ಲಿ.

ಏಳು ಗಂಟೆಗೆ ಪವಿತ್ರ ನೀರಿಗೆ ಹೋದಾಗ, ನಮ್ಮನೆಯವರು ಇವತ್ತು ಹಿಮಾಲಯಕ್ಕೆ ಹೊರಟಿದ್ದಾರೆ ಎಂದು ಪಕ್ಕದ ಮನೆಯ ಚಿಕ್ಕನಿಂಗಮ್ಮನಿಗೆ ಹೇಳಿದಳು. ತಪ್ಪು ಆದದ್ದು ಅಲ್ಲೇ.

ಆ ಬೀದಿಯಿಂದ ಯಾರಾದರೂ ಮಾದಪ್ಪನ ಬೆಟ್ಟಕ್ಕೆ ಹೊರಟರೆ, ಹೋಗಲಾಗದ ಮನೆಗಳವರು ತಮ್ಮ ಪಾಲಿನ ಒಂದು ಕಾಯಿಯನ್ನು ಅವರ ಕೈಯಲ್ಲಿ ಕಳಿಸುವುದು ವಾಡಿಕೆ. ಬೇಡ ಎಂದವರು ಈವರೆಗೆ ಇಲ್ಲ. ಬೆಟ್ಟ ಎಂದರೆ ದೇವರು. ಮಾದಪ್ಪನ ಬೆಟ್ಟಕ್ಕೇ ಒಂದು ಕಾಯಿ ಹೋಗುವಾಗ ಶಿವನ ಸ್ವಂತ ಮನೆಗೆ ಬರಿಗೈಯಲ್ಲಿ ಕಳಿಸುವುದುಂಟೆ? ಏಳೂವರೆಗೆ ಚಿಕ್ಕನಿಂಗಮ್ಮನೇ ಅರಿಶಿನ ಹಚ್ಚಿದ ಕಾಯಿ ಹಿಡಿದು ಜಗಲಿ ಹತ್ತಿದಳು.

“ಅಲ್ಲಿ ಗುಡಿ ಇಲ್ಲ ಕಣವ್ವ, ಬರೀ ಮಂಜು” ಎಂದ ಮಾದೇವ.

“ಗುಡಿ ಇಲ್ದಿದ್ರೆ ಕಲ್ಲಾದ್ರೂ ಇರಲ್ವ? ಕಲ್ಗೆ ಒಡ್ದುಬುಡು. ಶಿವ ಕಂಡ್ಕತನೆ.”

ಹತ್ತು ಗಂಟೆಯ ಹೊತ್ತಿಗೆ ಹದಿನಾಲ್ಕು ಮನೆಗಳ ಹದಿನಾಲ್ಕು ಕಾಯಿ ಜಗಲಿಯ ಮೇಲೆ ಪೊಲೀಸ್ ಪರೇಡಿನಂತೆ ನಿಂತಿದ್ದವು. ಮಾದೇವ ತೂಗಿದ: ಏಳು ಕಿಲೋ ಆರುನೂರು. ದೇವರ ವಿಷಯದಲ್ಲಿ ಯಾರೂ ಸಣ್ಣ ಕಾಯಿ ಆರಿಸಿರಲಿಲ್ಲ.

ಅಷ್ಟರಲ್ಲಿ ಮಂಡಿಯ ಹಮಾಲಿಗಳ ಮೇಸ್ತ್ರಿ ದೊಡ್ಡಬೀರಯ್ಯ ಹೆಗಲ ಮೇಲೆ ಕರಿ ಕಂಬಳಿ ಹೊತ್ತು ಬಂದ. ಚೀಲದಲ್ಲಿದ್ದ ಸ್ವೆಟರನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ನೋಡುವಂತೆ ನೋಡಿದ.

“ಇದ್ಯಾವ್ ಚಳಿ ತಡ್ದದ್ಲಾ? ನಮ್ಮಪ್ಪ ಹೊದ್ದಿದ್ದ ಕಂಬ್ಳಿ ಇದು. ಇದ ಹೊದ್ಕಂಡ್ರೆ ಚಳಿನೇ ನಡುಗ್ಬೇಕು. ಬ್ಯಾಡ ಅಂದ್ರೆ ನಮ್ಮಪ್ಪನ್ನೇ ಬ್ಯಾಡ ಅಂದಂಗೆ.”

ಕಂಬಳಿ ಎರಡು ಕಿಲೋ ಏಳುನೂರು. ಒಟ್ಟು ಇಪ್ಪತ್ತು ಕಿಲೋ ನೂರು ಗ್ರಾಂ. ಮಾದೇವ ಜಗಲಿಯ ಮೇಲೆ ಕುಳಿತು ನಿಯಮದ ಹಾಳೆಯನ್ನು ಮೂರು ಸಲ ಓದಿದ. ಮೂರನೆಯ ಸಲಕ್ಕೆ ಒಂದು ದಾರಿ ಕಂಡಿತು. ಹಾಳೆಯಲ್ಲಿದ್ದದ್ದು ಚೀಲದ ತೂಕ. ಮೈಮೇಲಿನದರ ಮಾತು ಅಲ್ಲಿರಲಿಲ್ಲ. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಲ್ಲಿ ಅವನು ಕಂಬಳಿ ಹೊದ್ದು ನಿಂತ. ದೊಡ್ಡಬೀರಯ್ಯನ ಕಣ್ಣು ತುಂಬಿತು. ಮಾದೇವನ ಕಣ್ಣಿಗೂ ನೀರು ಇಳಿಯಿತು, ಆದರೆ ಅದು ಹಣೆಯಿಂದ ಬಂದ ಬೆವರು.

ಕಾಯಿಗಳ ಕಗ್ಗಂಟನ್ನು ಬಿಡಿಸಿದವಳು ಪವಿತ್ರ. ಹದಿನಾಲ್ಕು ಮನೆಯ ಹೆಂಗಸರನ್ನೂ ಕರೆದು, ಕಾಯಿಗಳನ್ನು ಬೀದಿಯ ಗುಡಿಯಲ್ಲೇ ಒಡೆಯೋಣ, ಒಂದೊಂದು ಕಾಯಿಯಿಂದ ಒಂದೊಂದು ಚೂರು ಮಾತ್ರ ಹಿಮಾಲಯಕ್ಕೆ ಹೋಗಲಿ ಎಂದಳು. ಚಿಕ್ಕನಿಂಗಮ್ಮ ಒಪ್ಪಲಿಲ್ಲ. ಇಲ್ಲಿ ಒಡೆದರೆ ಇಲ್ಲಿಯ ದೇವರು ತೆಗೆದುಕೊಳ್ಳುತ್ತಾನೆ, ಅಲ್ಲಿಯವನಿಗೆ ಏನು ಸಿಕ್ಕಿತು ಎಂಬುದು ಅವಳ ವಾದ.

“ಮದ್ವೆ ಊಟ ಇಲ್ಲೇ ಉಂಡು, ಬರ್ದೇ ಇದ್ದೋರ್ಗೆ ಎಲೆ ಅಡ್ಕೆ ಕಳ್ಸಲ್ವ ಅವ್ವ? ಹಂಗೇಯ” ಎಂದಳು ಪವಿತ್ರ.

ಚಿಕ್ಕನಿಂಗಮ್ಮ ತನ್ನ ಕಾಯಿಯನ್ನು ತಾನೇ ಒಡೆದಳು. ಆ ಮಧ್ಯಾಹ್ನ ಬೀದಿಯ ಎಲ್ಲ ಮನೆಗಳಲ್ಲೂ ಚಟ್ನಿ ಆಯಿತು. ಮಾದೇವ ಮಂಡಿಯಿಂದ ಅರಿಶಿನದ ಮಾದರಿ ತೂಗುವ ಸಣ್ಣ ತಕ್ಕಡಿ ತಂದು, ಒಂದೊಂದು ಚೂರನ್ನೂ ಇಪ್ಪತ್ತೈದು ಗ್ರಾಮಿಗೆ ತಂದ. ಚಿಕ್ಕನಿಂಗಮ್ಮನ ಚೂರು ಇಪ್ಪತ್ತೇಳು ಬಂತು. ಎರಡು ಗ್ರಾಂ ಕೆತ್ತಿ ಅವಳ ಕೈಗೇ ಕೊಟ್ಟ. ಅವಳು ಬಾಯಿಗೆ ಹಾಕಿಕೊಂಡಳು.

ಈಗ ಚೀಲ ಹತ್ತು ಕಿಲೋ ನೂರೈವತ್ತು ಗ್ರಾಂ. ಮಾದೇವ ದಾರದಿಂದ ಸೋಪನ್ನು ಅರ್ಧ ಮಾಡಿದ. ಅರವತ್ತು ಗ್ರಾಂ ಇಳಿಯಿತು. ಹೆಚ್ಚುವರಿ ಕಾಲುಚೀಲ ತೆಗೆದ, ಎಪ್ಪತ್ತೆಂಟು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ, ಎಂಟು. ಉಳಿದ ನಾಲ್ಕು ಗ್ರಾಮಿಗೆ ಚೀಲದ ಒಳಗೆಲ್ಲ ಕೈಯಾಡಿಸಿ, ಕೊನೆಗೆ ನಿಯಮದ ಹಾಳೆಯನ್ನೇ ಹೊರಗಿಟ್ಟ. ಅದು ಅವನಿಗೆ ಬಾಯಿಪಾಠವಾಗಿತ್ತು.

ಚೀಲವನ್ನು ಮಂಡಿಗೆ ಒಯ್ದು ತೂಗಿದ. ತಕ್ಕಡಿ ಸರಿಯಾಗಿ ಹತ್ತು ಕಿಲೋ ತೋರಿಸಿದಾಗ ಹಮಾಲಿಗಳು ಮೂಟೆ ಇಳಿಸಿ ನೋಡಲು ಬಂದರು. ಶಂಭುಲಿಂಗಪ್ಪನವರು ಕನ್ನಡಕ ಹಾಕಿಕೊಂಡು ಅಂಕಿ ಓದಿ, ಇಂಥ ಕೆಲಸವನ್ನು ತಮ್ಮ ಆಯಸ್ಸಿನಲ್ಲಿ ನೋಡಿಲ್ಲ ಎಂದರು. ಅವರು ಸುಲಭಕ್ಕೆ ಹೊಗಳುವವರಲ್ಲ.

ಸಂಜೆ ಐದಕ್ಕೆ ಇಡೀ ಬೀದಿ ಬಸ್ ನಿಲ್ದಾಣದಲ್ಲಿತ್ತು. ತಂಡದಲ್ಲಿ ಚಾಮರಾಜನಗರದ ಒಂಬತ್ತು ಜನ, ಗುಂಡ್ಲುಪೇಟೆಯ ಹದಿಮೂರು ಜನ. ತಂಡದ ನಾಯಕ ರಾಜಶೇಖರ್ ಕಾಲೇಜಿನ ದೈಹಿಕ ಶಿಕ್ಷಕರು. ಅವರು ಕೊಕ್ಕೆ ತಕ್ಕಡಿಗೆ ಒಂದೊಂದೇ ಚೀಲ ನೇತುಹಾಕಿದರು. ಹದಿಮೂರು, ಹದಿನಾಲ್ಕು, ಹದಿನಾರೂವರೆ. ಒಬ್ಬರ ಚೀಲದಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ಮಾದೇವನದು ಹತ್ತು. ರಾಜಶೇಖರ್ ಮುಳ್ಳನ್ನು ತಟ್ಟಿ ಮತ್ತೆ ನೋಡಿದರು. ಆಗಲೂ ಹತ್ತು.

“ಹೆಂಗ್ ಮಾಡಿದ್ರಿ ಇದನ್ನ?”

ಮಾದೇವ ಹೇಳಿ ಸುಮ್ಮನಿರಬಹುದಿತ್ತು. ಆದರೆ ಮೂರು ತಿಂಗಳು ಬೆಟ್ಟ ಹತ್ತಿದ ಇಪ್ಪತ್ತೊಂದು ಜನ ಮನೆಗೆ ಮರಳುವ ಮುಖ ಮಾಡಿ ನಿಂತಿದ್ದರು. ಅವನು ಕಂಬಳಿಯ ಒಳಗಿಂದ ಕೈ ಹೊರತೆಗೆದು, ಒಂದೊಂದೇ ಚೀಲ ಬಿಚ್ಚಿ, ಸೋಪು ಕೊಯ್ದು, ಡಬ್ಬಿ ಬಿಟ್ಟು, ಮೂವರಿಗೆ ಒಂದು ಟಾರ್ಚು ಸಾಕೆಂದು ಒಪ್ಪಿಸಿ, ನಲವತ್ತು ನಿಮಿಷದಲ್ಲಿ ಅಷ್ಟೂ ಚೀಲಗಳನ್ನು ಹತ್ತಕ್ಕಿಳಿಸಿದ. ಇಸ್ತ್ರಿ ಪೆಟ್ಟಿಗೆ ದೊಡ್ಡಬೀರಯ್ಯನ ವಶಕ್ಕೆ ಹೋಯಿತು. ಯಾರೂ ಹಿಂದುಳಿಯಲಿಲ್ಲ.

ರಾಜಶೇಖರ್ ಮೊಬೈಲ್ ಹಿಡಿದು ದೂರ ಹೋಗಿ, ಹತ್ತು ನಿಮಿಷ ಹಿಂದಿಯಲ್ಲಿ ಮಾತಾಡಿ ಬಂದರು.

“ಮಾದೇವ್ ಅವರೇ, ಬೇಸ್ ಕ್ಯಾಂಪಲ್ಲಿ ದಿನಾ ಒಂದೊಂದು ತಂಡ ಬರುತ್ತೆ. ಅಲ್ಲಿ ಚೀಲ ತೂಗೋರು ನಿನ್ನೆ ಕಾಲು ಮುರ್ಕೊಂಡಿದಾರೆ. ನಿಮ್ ವಿಚಾರ ಹೇಳ್ದೆ. ಅವ್ರೇ ಬರ್ಲಿ, ಎಂಟು ದಿನ ಕ್ಯಾಂಪಲ್ಲೇ ಇದ್ದು ನಮ್ಮನ್ನ ಕಾಪಾಡ್ಲಿ ಅಂದ್ರು. ನಿಮ್ಮಂಥೋರು ಎಲ್ಲೂ ಸಿಗಲ್ಲ.”

“ಸಾರ್, ನಾನು ಮ್ಯಾಲಕ್ಕೆ...” ಎಂದು ಮಾದೇವ ಶುರು ಮಾಡಿದ.

ಅಷ್ಟರಲ್ಲಿ ಶಂಭುಲಿಂಗಪ್ಪನವರು ಮಾರುಕಟ್ಟೆಯಿಂದ ಚೆಂಡುಹೂವಿನ ಹಾರ ತರಿಸಿ ಅವನ ಕೊರಳಿಗೆ ಹಾಕಿಯಾಗಿತ್ತು. ಹಿಮಾಲಯದವರೇ ಗುಂಡ್ಲುಪೇಟೆಯ ತೂಕದವನನ್ನು ಕರೆಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ನಿಲ್ದಾಣದ ಆಚೆ ತುದಿಯನ್ನು ಮುಟ್ಟಿತ್ತು. ಹಮಾಲಿಗಳು ಚಪ್ಪಾಳೆ ತಟ್ಟಿದರು. ಬೀದಿಯವರ ಮುಖಗಳನ್ನು ನೋಡಿದ ಮೇಲೆ ಮಾದೇವನಿಗೆ ಮಾತು ಮುಂದುವರಿಸಲಾಗಲಿಲ್ಲ. ಪವಿತ್ರ ಮಾತ್ರ ಚಪ್ಪಾಳೆ ತಟ್ಟದೆ ಹತ್ತಿರ ಬಂದು, ಕಂಬಳಿಯ ಅಂಚಿನಿಂದ ಅವನ ಹಣೆ ಒರೆಸಿದಳು.

ಬಸ್ಸು ಆರೂ ಹತ್ತಕ್ಕೆ ಹೊರಟಿತು. ತಂಡದ ಇಪ್ಪತ್ತೊಂದು ಜನ ಚಾರಣದ ಆರನೆಯ ದಿನ ಹದಿಮೂರೂವರೆ ಸಾವಿರ ಅಡಿ ಎತ್ತರದ ಮಂಜಿನ ಮೇಲೆ ನಿಂತರು. ಆ ದಿನ ಬೇಸ್ ಕ್ಯಾಂಪಿನಲ್ಲಿ ಮಾದೇವ ನಲವತ್ತಮೂರು ಚೀಲಗಳನ್ನು ತೂಗಿದ. ಅವುಗಳಲ್ಲಿ ಮೂವತ್ತೊಂದು ಹತ್ತು ಕಿಲೋ ಮೀರಿದ್ದವು.