ಪ್ರಾರ್ಥನೆಯ ನಡುವೆ ಬಾಯಿ ಹಾಕಿದ್ದು

ದೇವರ ಜೊತೆ ಟೂ ಬಿಟ್ಟವರನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನು ಬಿಟ್ಟಿದ್ದೆ. ಒಂದು ದಿನ ಎರಡು ದಿನವಲ್ಲ, ಎರಡು ವರ್ಷ. ನಾಸ್ತಿಕನಾದೆ ಅಂದುಕೊಳ್ಳಬೇಡಿ, ಅದಕ್ಕೆ ಬೇಕಾದಷ್ಟು ಓದು ನನ್ನಲ್ಲಿಲ್ಲ. ದೇವರಿದ್ದಾನೆ ಎಂಬುದರಲ್ಲಿ ನನಗೆ ಒಂದು ದಿನವೂ ಅನುಮಾನ ಬರಲಿಲ್ಲ. ಇದ್ದಾನೆ ಅಂತಲೇ ಅಲ್ಲವೇ ಮಾತು ಬಿಟ್ಟದ್ದು? ಇಲ್ಲದವನ ಮೇಲೆ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರೆಯೇ? ನಮ್ಮ ಚರ್ಚಿನ ಸಭೆಯ ಜನ ಮಾತ್ರ ಇದಕ್ಕೆ ‘ಹಿಂಜಾರುವುದು’ ಎಂದು ಹೆಸರಿಟ್ಟರು. ಆ ಪದ ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಜಾರಲಿಕ್ಕೆ ನಾನೇನು ಪಾಚಿಗಟ್ಟಿದ ಬಚ್ಚಲಲ್ಲಿ ಕಾಲಿಟ್ಟಿದ್ದೆನೇ? ನನಗೆ ಸಿಟ್ಟು ಬಂದಿತ್ತು, ಅಷ್ಟೇ.

ಕಾರಣ ನಮ್ಮ ಕರುಣಕ್ಕ. ಯಾದಗಿರಿ ಕಡೆಯ ನಮ್ಮೂರಿನಲ್ಲಿ ಅವ್ವ ತೀರಿಕೊಂಡಾಗ ನಾನು ಮೂರು ವರ್ಷದವನು, ಅಕ್ಕನಿಗೆ ಹದಿನಾಲ್ಕು. ಅಂದಿನಿಂದ ನನ್ನನ್ನು ಸಾಕಿದವಳು ಅವಳೇ. ಕಣ್ಣು ಮುಚ್ಚಿ ಸ್ತೋತ್ರ ಹೇಳದೆ ರೊಟ್ಟಿ ಮುಟ್ಟಿದರೆ ಲಟ್ಟಣಿಗೆಯಿಂದಲೇ ಕೈಗೆ ಕೊಡುತ್ತಿದ್ದಳು. ಹೈದರಾಬಾದಿನಲ್ಲಿ ನನಗೆ ಕೆಲಸ ಸಿಕ್ಕಮೇಲೆ ಅವಳೂ ನಮ್ಮ ಜೊತೆ ಅಲ್ಲಿಯ ಲಿಂಗಂಪಲ್ಲಿಗೆ ಬಂದಳು. ಎರಡು ವರ್ಷದ ಕೆಳಗೆ ಅವಳಿಗೆ ಪುಪ್ಪುಸದ ಕಾಯಿಲೆಯಾಗಿ ಆಸ್ಪತ್ರೆ ಸೇರಿದಾಗ ಸಭೆಯವರೆಲ್ಲ ಉಪವಾಸ ಮಾಡಿದರು. ಮೂರನೆಯ ದಿನ ಸಭೆಯ ಹಿರಿಯರಾದ ಪ್ರೇಮಾನಂದ ಮಾಸ್ತರರು ಆಸ್ಪತ್ರೆಯ ವರಾಂಡದಲ್ಲೇ ಎರಡೂ ಕೈ ಮೇಲೆತ್ತಿ, “ಕರ್ತನು ನನ್ನ ಕೂಡ ಮಾತಾಡ್ಯಾನ. ಎಂಟು ದಿನದಾಗ ಅಕ್ಕಾರು ನಡಕೊಂತ ಮನಿಗೆ ಬರ್ತಾರ” ಎಂದು ಘೋಷಿಸಿದರು. ಎಂಟನೆಯ ದಿನ ನಾವು ಅಕ್ಕನನ್ನು ಮಣ್ಣು ಮಾಡಿದೆವು. ಅದೇ ಮಾಸ್ತರರು ಅಲ್ಲಿಯೂ ಬಂದು, ನನ್ನ ಹೆಗಲು ತಟ್ಟಿ, “ದೇವರ ಚಿತ್ತ” ಅಂದರು. ಆ ಎರಡು ಪದಕ್ಕೆ ನಾನು ಅವತ್ತೇ ಅವರನ್ನು ಗುದ್ದಬೇಕಿತ್ತು. ಸಮಾಧಿಯ ಹತ್ತಿರ ಚೆನ್ನಾಗಿರುವುದಿಲ್ಲ ಎಂದು ಬಿಟ್ಟೆ.

ಆಮೇಲೆ ನಾನು ಪ್ರಾರ್ಥನೆ ನಿಲ್ಲಿಸಿದೆ. ತಟ್ಟೆ ಮುಂದೆ ಬಂದ ಕೂಡಲೇ ಕೈ ಹಾಕುತ್ತಿದ್ದೆ. ಹೆಂಡತಿ ಸುಶೀಲಾ ಇದಕ್ಕೆ ಜಗಳ ಆಡಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದಳು. ನನ್ನ ಪಾಲಿನದನ್ನೂ ಸೇರಿಸಿ ತಾನೇ ಉದ್ದವಾಗಿ ಪ್ರಾರ್ಥಿಸತೊಡಗಿದಳು. ಅವಳು ಕಣ್ಣು ತೆರೆಯುವಷ್ಟರಲ್ಲಿ ನಾನು ಊಟ ಮುಗಿಸಿ ಕೈ ತೊಳೆದಿರುತ್ತಿದ್ದೆ, ಅವಳ ಸಾರು ಆರಿ ಹೋಗಿರುತ್ತಿತ್ತು. ತಣ್ಣಗಿನ ಸಾರನ್ನು ನನ್ನ ಎದುರಿಗೇ ಕೂತು ಉಣ್ಣುತ್ತಿದ್ದಳು. ಗಂಡನಿಗೆ ಬುದ್ಧಿ ಕಲಿಸುವ ಈ ಉಪಾಯವನ್ನು ಹೆಂಗಸರಿಗೆ ಯಾರು ಹೇಳಿಕೊಡುತ್ತಾರೋ ಗೊತ್ತಿಲ್ಲ.

ಇನ್ನು ಮನೆ ಕೂಟದ ವಿಷಯ. ನಮ್ಮ ಕನ್ನಡ ಸಭೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತದೆ. ನಮ್ಮ ಮನೆಯ ಸರದಿ ಬಂದಾಗ ನಾನು ಸ್ಟೇಷನ್ನಿಗೆ ಹೋಗಿ, ಬೆಂಚಿನ ಮೇಲೆ ಕೂತು, ಎಲ್ಲಿಗೂ ಹೋಗದೆ ಲೋಕಲ್ ರೈಲು ಎಣಿಸುತ್ತಿದ್ದೆ. ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುತ್ತಿದ್ದುದು ನಮ್ಮವರು ಗಟ್ಟಿಯಾಗಿ ಪ್ರಾರ್ಥಿಸುವ ರೀತಿ. ದೇವರಿಗೆ ಎಲ್ಲವೂ ಗೊತ್ತು ಎಂದು ಹಾಡುತ್ತಾರೆ. ಹಾಡು ಮುಗಿದ ಕೂಡಲೇ ಕಣ್ಣು ಮುಚ್ಚಿ ಅವನಿಗೆ ಪೂರ್ತಿ ವಿಳಾಸ, ಕಾಯಿಲೆಯ ಹೆಸರು, ಡಾಕ್ಟರು ಬರೆದುಕೊಟ್ಟ ಗುಳಿಗೆ, ಸೊಸೆ ಆಡಿದ ಮಾತು ಎಲ್ಲ ಒಪ್ಪಿಸುತ್ತಾರೆ. ನನ್ನ ಸಕ್ಕರೆ ಕಾಯಿಲೆ ಇಡೀ ಸಭೆಗೆ ಗೊತ್ತಾದದ್ದು ಹೀಗೇ, ಸುಶೀಲಾಳ ಪ್ರಾರ್ಥನೆಯಿಂದ. ಅವತ್ತಿನಿಂದ ಯಾರ ಮನೆಗೆ ಹೋದರೂ ನನಗೆ ಸಪ್ಪೆ ಚಹಾ.

ಹೋದ ತಿಂಗಳು ಒಂದು ಭಾನುವಾರ, ಮೆಹದಿಪಟ್ಟಣಂನಲ್ಲಿ ನಡೆಯಬೇಕಿದ್ದ ಕೂಟ ಅಲ್ಲಿ ಯಾರಿಗೋ ಜ್ವರ ಬಂದದ್ದರಿಂದ ನಮ್ಮ ಮನೆಗೆ ಬದಲಾಯಿತು. ಸುಶೀಲಾ ನನಗೆ ಹೇಳಲಿಲ್ಲ. ಮರೆತೆ ಅನ್ನುತ್ತಾಳೆ. ನಾನು ನಿಧಾನವಾಗಿ ತಲೆಗೆ ಸ್ನಾನ ಮಾಡಿ, ಲುಂಗಿ ಸುತ್ತಿಕೊಂಡು ಬಚ್ಚಲಿಂದ ಹೊರಬಂದರೆ ಹಾಲ್ ತುಂಬ ಜನ, ಕೈಯಲ್ಲಿ ಸಂಗೀತ ಪುಸ್ತಕ! ಬೀದಿ ಬಾಗಿಲಿಗೆ ಹೋಗಬೇಕಾದರೆ ಇಪ್ಪತ್ತು ಜನರನ್ನು ದಾಟಬೇಕು, ಬಾಗಿಲ ಹೊರಗೆ ಇಪ್ಪತ್ತು ಜೋಡಿ ಚಪ್ಪಲಿಯ ಕೆಳಗೆ ನನ್ನದನ್ನು ಹುಡುಕಬೇಕು. ಇವಳು ಅಂಗಿ ತಂದು ಕೈಗೆ ಕೊಟ್ಟು, “ಸುಮ್ಕ ಕುಂದರ್ರಿ, ಒಂದು ತಾಸಿನ ಮಾತು” ಅಂದಳು. ಗೋಡೆಗೆ ಆತುಕೊಂಡು, ಹಲ್ಲು ಕಚ್ಚಿಕೊಂಡು ಕೂತೆ.

ಮಾಸ್ತರರು ಇಂಥ ಸಂದರ್ಭ ಬಿಡುವವರೇ? ಕಣ್ಣು ಮುಚ್ಚಿ ಶುರು ಮಾಡಿದರು. “ತಂದೆಯೇ, ಲಿಂಗಂಪಲ್ಲಿ ಸ್ಟೇಷನ್ ಹಿಂದ, ಎರಡನೇ ಮಾಳಿಗಿ ಮ್ಯಾಲ ಇರೋ ಈ ನಿನ್ನ ಮಗನ್ನ ನೋಡಪ್ಪಾ. ತಂಗಿ ತೀರಿಕೊಂಡ ದುಃಖದಾಗ ನಿನ್ನಿಂದ ದೂರ ಆಗ್ಯಾನ...”

ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬದಿಗೆ ಎಸೆಯುವುದು. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದವನು ತಪ್ಪು ಕೇಳಿ ಸುಮ್ಮನಿರುವುದು ಹೇಗೆ? “ತಂಗಿ ಅಲ್ರೀ, ಅಕ್ಕ” ಅಂದೆ. ಮಾಸ್ತರರು ಕಣ್ಣು ತೆರೆಯದೆಯೇ “ಅಕ್ಕ, ಸ್ವಾಮಿ, ಅಕ್ಕ” ಎಂದು ದೇವರಿಗೆ ತಿದ್ದಿ ಹೇಳಿ ಮುಂದುವರಿದರು: “ಆ ನಿನ್ನ ದಾಸಿ ಭಾಳ ಸಮಾಧಾನಲೇ ಕಣ್ಣು ಮುಚ್ಚಿದಳು, ತಂದೆಯೇ...”

ನನಗೆ ತಡೆಯಲಾಗಲಿಲ್ಲ. ಈ ಸುಳ್ಳನ್ನು ಅವರು ಹೇಳುತ್ತಿದ್ದುದು ನನಗಲ್ಲ, ಮೇಲಿನವನಿಗೆ. ತಿದ್ದಬೇಕಾದರೆ ಅಲ್ಲಿಗೇ ಹೇಳಬೇಕು. ಹೇಳಿದೆ.

“ನೋಡು, ಇವರ ಮಾತು ನಂಬಬ್ಯಾಡ. ಸಮಾಧಾನ ಎಲ್ಲೀದು? ಉಸಿರಿಗೆ ಒದ್ದಾಡಿದಳು ನಮ್ಮಕ್ಕ. ನನ್ನ ಕೈ ಹಿಡಕೊಂಡು, ‘ತಮ್ಮಾ, ಮನಿಗೆ ಹೋಗ್ತೀನಲ್ಲ?’ ಅಂತ ಕೇಳಿದಳು. ನಾ ಹೂಂ ಅಂದೆ. ನಿನ್ನ ಮ್ಯಾಲ ಭರವಸೆ ಇಟ್ಟು ಹೂಂ ಅಂದೆ. ಆಕಿಗೆ ನಾ ಹೇಳಿದ ಕಡೀ ಮಾತನ್ನ ನೀ ಸುಳ್ಳು ಮಾಡಿದಿ. ಗುಣ ಮಾಡೋದಿಲ್ಲ ಅಂದ್ರ ಮಾಡೋದಿಲ್ಲ ಅನಬೇಕಿತ್ತು, ನಾ ಆಕಿಗೆ ಬ್ಯಾರೆ ಏನರ ಹೇಳ್ತಿದ್ದೆ. ಹೋಗಿ ಬಾರವ್ವಾ ಅಂತಿದ್ದೆ. ಅದನ್ನೂ ಅನಗೊಡಲಿಲ್ಲ ನೀ. ಸುಮ್ಮ ಯಾಕ ಕುಂತಿ?”

ಇನ್ನೂ ಏನೇನೋ ಅಂದೆ, ಎಲ್ಲ ನೆನಪಿಲ್ಲ. ಕೂಗಿ ಕೂಗಿ ಕೊನೆಗೆ ಮಾತು ನಿಲ್ಲಿಸಿದೆ. ಆಗ ನನ್ನ ಬಾಯಿ ನನಗೆ ಮೋಸ ಮಾಡಿತು. ದೇವರನ್ನು ಉದ್ದೇಶಿಸಿ ಆಡಿದ ಮಾತನ್ನು ಮುಗಿಸುವುದು ಹೇಗೆಂದು ಅದಕ್ಕೆ ಗೊತ್ತಿದ್ದದ್ದು ಒಂದೇ ದಾರಿ. “ಯೇಸುವಿನ ನಾಮದಾಗ ಬೇಡ್ಕೋತೀನಿ ತಂದೆ, ಆಮೆನ್” ಅಂದುಬಿಟ್ಟೆ. ಹಾಲ್‌ನಲ್ಲಿದ್ದ ಇಪ್ಪತ್ತೂ ಜನ ಒಂದೇ ದನಿಯಲ್ಲಿ “ಆಮೆನ್” ಅಂದರು.

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಸುಶೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮಾಸ್ತರರು ಕಣ್ಣು ತೆರೆದರು, ನನ್ನ ಹತ್ತಿರ ಸರಿದು ಕೂತರು. “ಅವತ್ತು ಕರ್ತನು ಏನೂ ಹೇಳಿರಲಿಲ್ರೀ. ಅಕ್ಕಾರು ಉಳೀಲಿ ಅಂತ ಭಾಳ ಆಸೆ ಇತ್ತು. ನನ್ನ ಆಸೆನ ಆತನ ಮಾತು ಅಂತ ತಿಳಕೊಂಡೆ. ನಿಮ್ಮ ಮನಿ ಬಾಗಲಕ್ಕ ಬಂದು ತಪ್ಪಾತು ಅನ್ನಾಕ ಧೈರ್ಯ ಬರಲಿಲ್ಲ” ಅಂದರು. ಇದಕ್ಕೂ ನನಗೆ ಸಿಟ್ಟೇ ಬಂತು. ಎರಡು ವರ್ಷ ಜೋಪಾನ ಮಾಡಿದ ಜಗಳವನ್ನು ಈ ಮನುಷ್ಯ ಒಂದೇ ಮಾತಿನಲ್ಲಿ ಕಸಿದುಕೊಂಡರೆ ನಾನೇನು ಮಾಡಲಿ? ಅವರ ಕೈ ನನ್ನ ಮೊಣಕಾಲ ಮೇಲಿತ್ತು, ತೆಗೆಯಿರಿ ಎನ್ನಲು ಮನಸ್ಸಾಗಲಿಲ್ಲ. ಎಲ್ಲರೂ ಬಜ್ಜಿ ತಿಂದು ಹೋದರು.

ಮಾಸ್ತರರ ಲೆಕ್ಕ ತೀರಿತು, ಸರಿ. ಇನ್ನೊಬ್ಬನು ಮಾತ್ರ ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ. ಅದೇ ಸಿಟ್ಟಿನಲ್ಲಿ ಮರುದಿನ ಬೆಳಿಗ್ಗೆ ಕಾರ್ಖಾನೆಯ ಬಸ್ಸಿನಲ್ಲಿ, ಕಿಟಕಿಗೆ ಮುಖ ಮಾಡಿ, ಸಣ್ಣ ದನಿಯಲ್ಲಿ ಮತ್ತೆ ತರಾಟೆಗೆ ತೆಗೆದುಕೊಂಡೆ. ಅಕ್ಕನ ವಿಷಯ ಆಯಿತು, ಅವ್ವನ ವಿಷಯಕ್ಕೆ ಬಂದೆ, ಅಲ್ಲಿಂದ ನನ್ನ ಸಕ್ಕರೆ ಕಾಯಿಲೆಗೆ. ಹೇಳಬೇಕಾದದ್ದು ಇನ್ನೂ ಬೇಕಾದಷ್ಟಿತ್ತು, ಅಷ್ಟರಲ್ಲಿ ಪಟಾನ್‌ಚೆರು ಬಂತು. ಊಟದ ಡಬ್ಬಿ ಎತ್ತಿಕೊಂಡು ಬಸ್ಸಿನಿಂದ ಇಳಿಯುತ್ತ, “ಉಳಿದದ್ದು ಸಂಜೀಕ ಬೈತೀನಿ. ಎಲ್ಲಿಗೂ ಹೋಗಬ್ಯಾಡ” ಎಂದು ಅವನಿಗೆ ಹೇಳಿದೆ.

ಎರಡು ವರ್ಷ ಕಾಣೆಯಾಗಿದ್ದವನು ನಾನು. ತಾಕೀತು ಮಾಡಿದ್ದು ಅವನಿಗೆ.